ಬಿಟ್ಟು ಬರುವ ದಾರಿ ಮೊದಲು ಗೊತ್ತುಮಾಡಿಕೊಳ್ಳಿ

ಮಗಳೇ,

ನೀನೂ ಅಳಿಯಂದಿರೂ ಅಕ್ಟೋಬರ್ ಕೊನೆಯ ವಾರ ಬೆನ್ನಿಗೆ ಚೀಲ ಹಾಕಿಕೊಂಡು ಅಪಲ್ಯಾಚಿಯನ್ ಟ್ರೇಲ್ ಹತ್ತುತ್ತೀರಂತೆ. ಸಾಗರದಿಂದ ನಿನ್ನಪ್ಪ ಫೋನ್ ಮಾಡಿ ಹೇಳಿದ. ‘ಅಲ್ಲಿ ಕರಡಿ ಇದೆಯಂತಲ್ಲ ಅಣ್ಣಾ, ನೀನೊಂದು ಮಾತು ಹೇಳು ಅವರಿಗೆ’ ಅಂದ. ಕರಡಿಗಿಂತ ನನಗೆ ದಿಗಿಲು ಹುಟ್ಟಿಸಿದ್ದು ಅಳಿಯಂದಿರು ಕಳಿಸಿದ ಪಟ್ಟಿ. ಫ್ರಂಟ್ ರಾಯಲ್‌ನಿಂದ ಸ್ವಿಫ್ಟ್ ರನ್ ಗ್ಯಾಪ್‌ವರೆಗೆ ಸುಮಾರು 60 ಮೈಲಿ, ನಾಲ್ಕು ದಿನ, ದಿನಕ್ಕೆ ಹದಿನೈದರ ಲೆಕ್ಕ. ಎಷ್ಟು ಹೊತ್ತಿಗೆ ಎಲ್ಲಿ ತಲುಪಬೇಕು ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿದ್ದಾರೆ. ಆಗದೇ ಹೋದರೆ ಎಲ್ಲಿ ಬಿಡಬೇಕು ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವೇ ಇಲ್ಲ.

ನೀವು ಹೋಗುವ ಈ ಶೆನಂಡೋವಾ ಬೆಟ್ಟಗಳಲ್ಲಿ ನಾನು 1997ರಿಂದ ತುಂಡು ತುಂಡಾಗಿ ನಡೆಯುತ್ತ ಬಂದಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಇಬ್ಬರೂ ಕೂತು ಒಟ್ಟಿಗೆ ಓದಿ.

• ಮೊದಲು ದಾರಿ ಎಷ್ಟು ದೊಡ್ಡದು ಎಂದು ತಿಳಿದುಕೊಳ್ಳಿ. ದಕ್ಷಿಣದ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯ ದಾಟಿ ಸುಮಾರು 2,190 ಮೈಲಿ ಹೋಗುತ್ತದೆ. ಬೆಂಟನ್ ಮೆಕೈ ಎಂಬವರು 1921ರಲ್ಲಿ ಬರೆದ ಒಂದು ಲೇಖನದಿಂದ ಶುರುವಾಗಿ 1937ರಲ್ಲಿ ಪೂರ್ತಿ ಕೂಡಿಕೊಂಡ ಕಾಲುದಾರಿ ಇದು. ಇದರ ಕಾಲುಭಾಗ, ಹತ್ತಿರ ಹತ್ತಿರ 550 ಮೈಲಿ, ನಿಮ್ಮ ವರ್ಜೀನಿಯಾ ರಾಜ್ಯವೊಂದರಲ್ಲೇ ಇದೆ. ಒಂದೇ ಏಟಿಗೆ ಇಡೀ ದಾರಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು. ಕೆಲಸಕ್ಕೆ ಹೋಗುವ ನಮ್ಮಂಥವರು ನಡೆಯುವುದು ತುಂಡು ತುಂಡಾಗಿಯೇ. ಅದು ಕಡಿಮೆಯ ನಡಿಗೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

• ಪಟ್ಟಿಯಲ್ಲಿ ಉತ್ತರದ ಭಾಗ ಪೂರ್ತಿ ಹೊಡೆದುಹಾಕಿ. ಥಾರ್ನ್‌ಟನ್ ಗ್ಯಾಪ್‌ನಿಂದ ಸ್ವಿಫ್ಟ್ ರನ್ ಗ್ಯಾಪ್‌ವರೆಗಿನ ನಡುಭಾಗ ಮಾತ್ರ ಇಟ್ಟುಕೊಳ್ಳಿ. ಸುಮಾರು 34 ಮೈಲಿ, ಮೂರು ರಾತ್ರಿ. ನಾನಾದರೆ ಹೀಗೆ ಹಂಚುತ್ತೇನೆ: ಮೊದಲ ದಿನ ಮಧ್ಯಾಹ್ನ ಹೊರಟು ಮೇರೀಸ್ ರಾಕ್ ಹತ್ತಿ ಬರ್ಡ್ಸ್ ನೆಸ್ಟ್ ಮೂರನೇ ತಂಗುಮನೆ, ಮೂರು ಮೈಲಿಯ ಆಸುಪಾಸು. ಎರಡನೇ ದಿನ ಹನ್ನೊಂದು ಮೈಲಿ ನಡೆದು ರಾಕ್ ಸ್ಪ್ರಿಂಗ್. ಮೂರನೇ ದಿನ ಮತ್ತೆ ಹನ್ನೊಂದು-ಹನ್ನೆರಡು, ಬೇರ್‌ಫೆನ್ಸ್ ಬೆಟ್ಟದ ತಂಗುಮನೆ. ನಾಲ್ಕನೇ ದಿನ ಒಂಬತ್ತು ಮೈಲಿ, ಮಧ್ಯಾಹ್ನಕ್ಕೆಲ್ಲ ರಸ್ತೆ.

‘ಮೊದಲ ದಿನ ಬರೀ ಮೂರಾ?’ ಎಂದು ಅಳಿಯಂದಿರು ಕೇಳುತ್ತಾರೆ, ಗೊತ್ತು. ಆ ಮೂರರಲ್ಲಿ ಮೊದಲ ಎರಡು ಮೈಲಿಗೆ 1,200 ಅಡಿ ಏರಬೇಕು. ನಾಲ್ಕು ದಿನದ ಅನ್ನ, ನೀರು ಎಲ್ಲ ಹೆಗಲ ಮೇಲೇ ಇರುವ ದಿನ ಅದು. ಚೀಲದ ಯಾವ ಪಟ್ಟಿ ಎಲ್ಲಿ ಒತ್ತುತ್ತದೆ, ಯಾವ ಬೂಟು ಎಲ್ಲಿ ಕಚ್ಚುತ್ತದೆ ಎಂಬುದು ಅವತ್ತೇ ಗೊತ್ತಾಗುವುದು. ಬೆಳಕಿರುವಾಗಲೇ ತಂಗುಮನೆ ಸೇರಿ ಡೇರೆ ಹಾಕುವುದು, ಒಲೆ ಹಚ್ಚುವುದನ್ನು ನಿಧಾನವಾಗಿ ಒಮ್ಮೆ ಮಾಡಿನೋಡಿ. ಹೊರಟ ಜಾಗ ಇನ್ನೂ ಮೂರೇ ಮೈಲಿ ಹಿಂದಿರುತ್ತದೆ. ಏನು ಮರೆತಿದ್ದರೂ, ಯಾರಿಗೆ ಸರಿಬರದಿದ್ದರೂ, ಮರುದಿನ ಬೆಳಿಗ್ಗೆ ಇಳಿದು ಮನೆಗೆ ಹೋಗಬಹುದು.

• ಕಾಗದದ ಮೈಲಿಯನ್ನು ಗಂಟೆಗೆ ತಿರುಗಿಸುವುದನ್ನು ಕಲಿಯಿರಿ. ಹೊರೆ ಹೊತ್ತಾಗ ಗಂಟೆಗೆ ಎರಡು ಮೈಲಿ ಎಂದು ಹಿಡಿಯಿರಿ. ಪ್ರತಿ ಸಾವಿರ ಅಡಿ ಏರಿಗೆ ಇನ್ನರ್ಧ ಗಂಟೆ ಸೇರಿಸಿ. ಊಟ, ನೀರು ತುಂಬುವುದು, ಸುಮ್ಮನೆ ಕೂರುವುದು ಎಲ್ಲಕ್ಕೂ ಸೇರಿ ಎರಡು ಗಂಟೆ. ಹನ್ನೊಂದು ಮೈಲಿಗೆ ಎಂಟು-ಎಂಟೂವರೆ ಗಂಟೆಯಾಯಿತು. ಅಕ್ಟೋಬರ್ ಕೊನೆಗೆ ಸೂರ್ಯ ಏಳೂವರೆಗೆ ಹುಟ್ಟಿ ಆರೂವರೆಯೊಳಗೆ ಮುಳುಗಿಬಿಡುತ್ತಾನೆ. ನಿಮ್ಮ ಹದಿನೈದು ಮೈಲಿ ಕೂರುವುದೆಲ್ಲಿ ಹೇಳಿ? ಅಳಿಯಂದಿರು ಬೆಳಿಗ್ಗೆ ಎದ್ದು ಐದು ಮೈಲಿ ಓಡುತ್ತಾರೆ, ಒಪ್ಪಿದೆ. ಅದು ಬರಿಗೈಯಲ್ಲಿ, ಸಪಾಟು ರಸ್ತೆಯಲ್ಲಿ. ಹೊರೆ ಹೊತ್ತು ಕಲ್ಲಿನ ಮೇಲೆ ಇಳಿಯುವಾಗ ಮಂಡಿ ಕೇಳುವ ಲೆಕ್ಕವೇ ಬೇರೆ.

• ಇನ್ನು ಮುಖ್ಯ ಮಾತು. ಪ್ರತಿದಿನದ ಎದುರಿಗೂ ತಲುಪುವ ಜಾಗ ಬರೆಯುವ ಮೊದಲು ಬಿಡಬಹುದಾದ ಜಾಗಗಳನ್ನು ಬರೆಯಿರಿ. ಈ ನಡುಭಾಗವನ್ನು ನಾನು ಹೊಸಬರಿಗೆ ಹೇಳುವುದು ಇದೊಂದೇ ಕಾರಣಕ್ಕೆ. ಸ್ಕೈಲೈನ್ ಡ್ರೈವ್ ರಸ್ತೆ ಟ್ರೇಲಿನ ಪಕ್ಕದಲ್ಲೇ, ಕೆಲವು ಕಡೆ ಕೂಗಳತೆಯಲ್ಲೇ, ಬೆಟ್ಟದ ನೆತ್ತಿಯ ಮೇಲೆ ಓಡುತ್ತದೆ. ಆ ರಸ್ತೆಗೆ ಮೈಲಿಗಲ್ಲುಗಳಿವೆ. 41.7 ಮತ್ತು 42.5ರಲ್ಲಿ ಸ್ಕೈಲ್ಯಾಂಡ್, 45.6ರಲ್ಲಿ ಹಾಕ್ಸ್‌ಬಿಲ್ ಗ್ಯಾಪ್, 51ರಲ್ಲಿ ಬಿಗ್ ಮೆಡೋಸ್, 52.8ರಲ್ಲಿ ಮಿಲಮ್ ಗ್ಯಾಪ್, 57.5ರಲ್ಲಿ ಲೂಯಿಸ್ ಮೌಂಟನ್. ಈ ಐದನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಇಡಿ. ಅವುಗಳಲ್ಲಿ ಮೂರು ಕಡೆ ಸೂರು, ಜನ, ಅಂಗಡಿ ಇವೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, 1997ರಲ್ಲಿ ನಾನೂ ಆಫೀಸಿನ ಗೆಳೆಯನೊಬ್ಬನೂ ಇದೇ ದಾರಿಯಲ್ಲಿ, ಇದೇ ತಿಂಗಳಲ್ಲಿ ಬಂದಿದ್ದೆವು. ಇಬ್ಬರಿಗೂ ಅದೇ ಮೊದಲು. ಎರಡನೇ ದಿನ ಮಧ್ಯಾಹ್ನದಿಂದ ಜಡಿಮಳೆ. ಜೀನ್ಸ್ ಪ್ಯಾಂಟು, ಹತ್ತಿಯ ಬನಿಯನ್ನು ತೊಯ್ದು ಮೈಗೆ ಅಂಟಿತ್ತು. ನಾಲ್ಕು ಗಂಟೆಗೆ ಸ್ಕೈಲ್ಯಾಂಡ್ ಪಕ್ಕದಲ್ಲೇ ಹಾದುಹೋದೆವು. ಒಳಗೆ ದೀಪ ಹತ್ತಿತ್ತು, ಕಿಟಕಿ ಗಾಜಿಗೆ ಹಬೆ ಕಟ್ಟಿತ್ತು. ಒಳಗೆ ಹೋಗಿ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಪಟ್ಟಿಯಲ್ಲಿ ರಾಕ್ ಸ್ಪ್ರಿಂಗ್ ಅಂತ ಬರೆದಿತ್ತಲ್ಲ. ‘ಇನ್ನು ನಾಲ್ಕೈದು ಮೈಲಿ ತಾನೇ’ ಎಂದು ನಡೆದುಬಿಟ್ಟೆವು.

ತಂಗುಮನೆಗೆ ಇಳಿಯುವ ಹೊತ್ತಿಗೆ ಪೂರ್ತಿ ಕತ್ತಲು. ಚೀಲ ಇಳಿಸೋಣವೆಂದು ಎದೆಯ ಮೇಲಿನ ಕೊಂಡಿಗೆ ಕೈಹಾಕಿದರೆ ಹೆಬ್ಬೆರಳಿಗೂ ತೋರುಬೆರಳಿಗೂ ಒಂದನ್ನೊಂದು ಒತ್ತುವ ಶಕ್ತಿಯೇ ಇರಲಿಲ್ಲ. ಬೆರಳು ಕಣ್ಣಿಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗೆಳೆಯ ಏನೋ ಹೇಳಿದ, ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಸ್ವಲ್ಪ ಹೊತ್ತಿಗೆ ಅವನ ನಡುಕ ನಿಂತಿತು. ಚಳಿ ಬಿಟ್ಟಿತು ಅಂದುಕೊಂಡೆ. ಮೊದಲೇ ಅಲ್ಲಿ ಮಲಗಿದ್ದ ವಯಸ್ಸಾದ ದಂಪತಿ ಎದ್ದು ಬಂದು, ನಡುಕ ನಿಂತದ್ದು ಒಳ್ಳೆಯದಲ್ಲ, ಮೈಯ ಶಾಖವೇ ಇಳಿದುಹೋಗುತ್ತಿದೆ ಎಂದರು. ಒದ್ದೆ ಬಟ್ಟೆ ಬಿಚ್ಚಿಸಿ ತಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ, ಸಕ್ಕರೆ ಹಾಕಿದ ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದರು. ಅವರು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೆಂದು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಅವತ್ತಿನ ತಪ್ಪು ಮಳೆಯದಲ್ಲ. ದೀಪ ಹತ್ತಿದ ಮನೆಯ ಮುಂದೆ ನಿಲ್ಲದೆ ಹೋದದ್ದು.

• ಹಾಗಾಗಿ ಹತ್ತಿ ಬಟ್ಟೆ ಒಂದೂ ಬೇಡ, ಒಳಉಡುಪು ಕೂಡ. ತೊಯ್ದ ಹತ್ತಿ ಮೈಯ ಶಾಖ ಹೀರುತ್ತದೆ. ಉಣ್ಣೆಯದು, ಇಲ್ಲವೇ ಬೇಗ ಒಣಗುವ ಪಾಲಿಯೆಸ್ಟರ್. ಮೇಲೊಂದು ಬೆಚ್ಚನೆಯದು, ಅದರ ಮೇಲೆ ಮಳೆಯಂಗಿ. ಮಲಗುವಾಗ ಹಾಕುವ ಒಂದು ಜೊತೆ ಬಟ್ಟೆ, ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿಡಿ. ಆಕಾಶವೇ ಬಿದ್ದರೂ ಅವನ್ನು ಹಗಲಲ್ಲಿ ತೆಗೆಯಕೂಡದು. ಶೆನಂಡೋವಾ ಪಾರ್ಕಿನೊಳಗೆ ಟ್ರೇಲ್ ಅತಿ ಎತ್ತರಕ್ಕೆ ಏರುವುದು ಸ್ಟೋನಿ ಮ್ಯಾನ್ ಬಳಿ, 3,837 ಅಡಿಗೆ. ನಮ್ಮ ಕೊಡಚಾದ್ರಿಗಿಂತ ತಗ್ಗು. ಆದರೆ ಇಲ್ಲಿನ ಚಳಿ ಕೊಡಚಾದ್ರಿಯದಲ್ಲ. ಕೆಳಗೆ ಲೂರೇ ಪೇಟೆಯಲ್ಲಿ ಎಷ್ಟಿದೆಯೋ ಅದಕ್ಕಿಂತ ಐದಾರು ಡಿಗ್ರಿ ಸೆಲ್ಸಿಯಸ್ ಕಡಿಮೆ ಎಂದುಕೊಂಡೇ ಬಟ್ಟೆ ಕಟ್ಟಿ.

• ಬೂಟು ಹೊಸದು ಬೇಡ. ಕನಿಷ್ಠ 50 ಮೈಲಿ ಸವೆದಿರಲಿ. ಇಳಿಜಾರಿಗೆ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ.

• ಹೊರಡುವ ಮೊದಲು ಎರಡು ಶನಿವಾರ, ಚೀಲಕ್ಕೆ ಪೂರ್ತಿ ಸಾಮಾನು ತುಂಬಿ ಮನೆಯ ಹತ್ತಿರದ ಯಾವುದಾದರೂ ಕಾಡುದಾರಿಯಲ್ಲಿ ಎಂಟು ಮೈಲಿ ನಡೆದು ಬನ್ನಿ. ಚೀಲದ ತೂಕ ನಿಮ್ಮ ಮೈತೂಕದ ಐದನೇ ಒಂದು ಭಾಗ ದಾಟಬಾರದು. ನೀನು 55 ಕೆ.ಜಿ. ಇದ್ದರೆ ನಿನ್ನದು 11 ಕೆ.ಜಿ. ನೀರು ಸೇರಿ. ನಿನ್ನ ಹೊರೆಯನ್ನು ಅಳಿಯಂದಿರು ತಾವೇ ಹೊರುತ್ತೇನೆಂದು ಮುಂದೆ ಬಂದರೆ ಬೇಡ ಅನ್ನು. ಪ್ರೀತಿಯಿಂದ ಹೊತ್ತರೂ ಮಂಡಿಗೆ ಭಾರ ಭಾರವೇ.

• ಪರವಾನಗಿ ಮೊದಲೇ ಇಂಟರ್ನೆಟ್ಟಿನಲ್ಲಿ ತೆಗೆದುಕೊಳ್ಳಿ, ಕಾಡಿನಲ್ಲಿ ರಾತ್ರಿ ತಂಗಲು ಅದು ಬೇಕೇಬೇಕು. ಪಾರ್ಕಿನ ಪ್ರವೇಶ ಶುಲ್ಕ ಅದರ ಮೇಲೆ ಬೇರೆ. ಈ ಪಾರ್ಕಿನಲ್ಲಿ ಮೂರು ಗೋಡೆಯ ತಂಗುಮನೆಗಳಿಗೆ ‘ಹಟ್’ ಅನ್ನುತ್ತಾರೆ. ಸತತ ಮೂರು ರಾತ್ರಿಯಾದರೂ ಕಾಡಿನಲ್ಲಿ ಉಳಿಯುವವರಿಗೆಂದು ಇರುವಂಥವು ಅವು. ನಿಮ್ಮ ಮೂರು ರಾತ್ರಿಯ ಲೆಕ್ಕಕ್ಕೆ ಅದೂ ಒಂದು ಅನುಕೂಲ. ಆದರೂ ಮೊದಲು ಬಂದವರಿಗೆ ಜಾಗ. ಎಲೆ ಕೆಂಪಾಗುವ ಕಾಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡೇರೆ ಬಿಟ್ಟು ಹೋಗಬೇಡಿ. ಬೆಂಕಿ ಹಾಕುವುದಿದ್ದರೆ ತಂಗುಮನೆಯ ಕಲ್ಲಿನ ಒಲೆಯಲ್ಲಿ ಮಾತ್ರ, ಬೇರೆಲ್ಲೂ ಕೂಡದು.

• ಕಾರನ್ನು ಕೊನೆಯಲ್ಲಿ, ಸ್ವಿಫ್ಟ್ ರನ್‌ನಲ್ಲಿ ನಿಲ್ಲಿಸಿ. ಅಲ್ಲಿಂದ ಥಾರ್ನ್‌ಟನ್ ಗ್ಯಾಪ್‌ಗೆ ನಿಮ್ಮನ್ನು ನಾನೇ ಕರೆದೊಯ್ದು ಬಿಡುತ್ತೇನೆ. ಮುಂದೆ ಕಾರು ಕಾಯುತ್ತಿದೆ ಎಂದು ಗೊತ್ತಿದ್ದರೆ ಕೊನೆಯ ದಿನ ಕಾಲು ಸಲೀಸಾಗಿ ಬರುತ್ತದೆ.

• ಊಟದ ವಿಷಯದಲ್ಲಿ ನಮ್ಮವರಿಗೆ ಇರುವ ಭಾಗ್ಯ ಇಲ್ಲಿನವರಿಗಿಲ್ಲ. ಅಂಗಡಿಯಲ್ಲಿ ಸಿಗುವ ಒಣಗಿಸಿದ ಊಟದ ಪೊಟ್ಟಣಕ್ಕೆ ಹತ್ತಾರು ಡಾಲರ್ ಸುರಿಯಬೇಡಿ. ಒಲೆ ಹೆಚ್ಚು ಉರಿಸದೆ, ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಸಾಕಾಗುವ ಅಡುಗೆ ನಮ್ಮ ಅಜ್ಜಿಯಂದಿರ ಕಾಲದಿಂದ ಇದೆ.

ದೊಡ್ಡಮ್ಮ ನನಗೆ ಕಟ್ಟಿಕೊಡುವುದು ಹೀಗೆ: ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ರವೆಯ ಹಾಗೆ ತರಿ ಮಾಡುತ್ತಾಳೆ. ಅದಕ್ಕೆ ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ, ಹುರಿದ ಕಡಲೆಬೀಜ ಬೆರೆಸಿ, ಇಬ್ಬರ ಒಂದು ಹೊತ್ತಿಗೆ ಒಂದರಂತೆ ಚೀಲದಲ್ಲಿ ಹಾಕಿ ಗಾಳಿ ತೆಗೆದು ಮುಚ್ಚುತ್ತಾಳೆ. ಸಂಜೆ ಅದಕ್ಕೆ ಮುಳುಗುವಷ್ಟು ಬಿಸಿನೀರು ಹೊಯ್ದು ಹತ್ತು ನಿಮಿಷ ಟೋಪಿಯಲ್ಲಿ ಸುತ್ತಿಟ್ಟರೆ ಗೊಜ್ಜವಲಕ್ಕಿ. ಬೆಳಿಗ್ಗೆಗೆ ಹುರಿಹಿಟ್ಟು, ಬೆಲ್ಲ, ಹಾಲಿನಪುಡಿ. ಒಲೆಯೂ ಬೇಡ. ನಡೆಯುವಾಗ ಚಿಕ್ಕಿ, ಗೋಡಂಬಿ, ಖರ್ಜೂರ, ಸೊಂಟದ ಜೇಬಿನಲ್ಲಿ ಕೈಗೆ ಸಿಗುವಂತಿರಲಿ. ಹಸಿವಾದ ಮೇಲೆ ತಿನ್ನುವುದಲ್ಲ, ಗಂಟೆಗೊಮ್ಮೆ ತಿನ್ನುತ್ತಿರಬೇಕು. ಒಬ್ಬರಿಗೆ ದಿನಕ್ಕೆ 700ರಿಂದ 800 ಗ್ರಾಂ ಒಣಪದಾರ್ಥ ಬೇಕಾಗುತ್ತದೆ, ತೂಗಿಯೇ ಕಟ್ಟಿ. ಊರಿಂದ ಬಂದ ತೊಡದೇವು ಬೇಡ, ಪುಡಿಯಾಗುತ್ತದೆ. ಅಪ್ಪೆಮಿಡಿ ನಾಲ್ಕೇ ನಾಲ್ಕು, ಎಣ್ಣೆ ಹಿಂಡಿ ತೆಗೆದದ್ದು. ಮೂರನೇ ರಾತ್ರಿ, ಎಲ್ಲ ರುಚಿಯೂ ಸಾಕಾದಾಗ, ಅದನ್ನು ಬಾಯಿಗಿಟ್ಟು ನೋಡು.

ಎರಡನೇ ದಿನ ಸ್ಕೈಲ್ಯಾಂಡ್‌ನಲ್ಲೂ ಮೂರನೇ ದಿನ ಬಿಗ್ ಮೆಡೋಸ್‌ನಲ್ಲೂ ಬಿಸಿ ಊಟ ಸಿಗುತ್ತದೆ. ಹಾಗೆಂದು ಆ ಹೊತ್ತಿನ ಬುತ್ತಿ ಬಿಟ್ಟು ಹೋಗಬೇಡಿ.

• ನೀರು. ಅಕ್ಟೋಬರ್‌ನಲ್ಲಿ ಬುಗ್ಗೆಗಳು ಬತ್ತಿರಬಹುದು. ಬರ್ಡ್ಸ್ ನೆಸ್ಟ್‌ನಲ್ಲಿ ನೀರಿಗೆ ತಂಗುಮನೆಯಿಂದ ಸಾಕಷ್ಟು ಕೆಳಗಿಳಿಯಬೇಕು, ಮೇಲೆ ಹತ್ತಬೇಕು. ಆದ್ದರಿಂದ ಮೊದಲ ದಿನ ತಲಾ ಮೂರು ಲೀಟರ್ ಕೆಳಗಿನಿಂದಲೇ ಹೊತ್ತೊಯ್ಯಿರಿ. ಎಷ್ಟು ತಿಳಿಯಾಗಿ ಕಂಡರೂ ಸೋಸದೆ, ಇಲ್ಲವೇ ಕುದಿಸದೆ ಕುಡಿಯಬೇಡಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಸೋಸುಕವನ್ನು ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಳಗಿನ ಎಳೆಗಳು ಹೆಪ್ಪುಗಟ್ಟಿ ಒಡೆದರೆ ನೋಡಲು ಸರಿಯಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

• ಈಗ ನಿನ್ನಪ್ಪನ ಕರಡಿ. ಇಲ್ಲಿರುವುದು ಕಪ್ಪು ಕರಡಿ. ದರೋಜಿಯಲ್ಲಿ ನೋಡಿದೆವಲ್ಲ, ಆ ಮುಂಗೋಪಿ ಜಾತಿಯಲ್ಲ. ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ಎದುರಾದರೆ ಓಡಬೇಡಿ, ದಾರಿ ಬಿಟ್ಟುಕೊಟ್ಟು, ಮಾತಾಡುತ್ತ, ಹಿಂದಕ್ಕೆ ಹೆಜ್ಜೆ ಹಾಕಿ. ಅದಕ್ಕೆ ಬೇಕಾದ್ದು ನೀವಲ್ಲ, ನಿಮ್ಮ ಚಿಕ್ಕಿ. ತಿನ್ನುವುದು, ಟೂತ್‌ಪೇಸ್ಟ್, ಸೋಪು, ಖಾಲಿ ಪೊಟ್ಟಣ, ಇಂಗಿನ ವಾಸನೆ ಹಿಡಿದ ಚಮಚ, ಯಾವುದೂ ಡೇರೆಯಲ್ಲಿರಬಾರದು.

ತಂಗುಮನೆಯ ಹತ್ತಿರ ಒಂದು ಎತ್ತರದ ಕಬ್ಬಿಣದ ಕಂಬ ಕಾಣುತ್ತದೆ. ತುದಿಯಲ್ಲಿ ಛತ್ರಿಯ ಕಡ್ಡಿಗಳ ಹಾಗೆ ಕೊಕ್ಕೆಗಳು. ಪಕ್ಕದಲ್ಲಿ ಸಿಕ್ಕಿಸಿಟ್ಟ ಉದ್ದನೆಯ ಕವೆಗೋಲು. ಊಟದ ಚೀಲದ ಕುಣಿಕೆಯನ್ನು ಆ ಕವೆಗೋಲಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ ನೋಡುತ್ತ ಕೊಕ್ಕೆಗೆ ತಗುಲಿಸಬೇಕು. ದೋಟಿಯಲ್ಲಿ ಕಾಯಿ ಕೊಯ್ದವರಿಗೆ ಇದು ಹೊಸದಲ್ಲ, ಆದರೆ ಈ ಕೋಲು ದೋಟಿಗಿಂತ ಬಹಳ ಭಾರ. ಕತ್ತಲಾಗುವ ಮುಂಚೆಯೇ ಮಾಡಿ. ಬೇರೆಲ್ಲಾದರೂ ತಂಗಿದರೆ ಮರದ ಕೊಂಬೆಗೆ ಹಗ್ಗ ಹಾಯಿಸಿ ನೆಲದಿಂದ 10 ಅಡಿ ಮೇಲೆ, ಬುಡದಿಂದ 4 ಅಡಿ ಆಚೆಗೆ ತೂಗುಹಾಕಬೇಕು. ಒಮ್ಮೆ ಮನುಷ್ಯರ ಅನ್ನದ ರುಚಿ ಕಂಡ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಚೀಲ ತೂಗುಹಾಕುವುದು ಅದರ ಜೀವಕ್ಕಾಗಿ ಕೂಡ.

• ಕರಡಿಗಿಂತ ನಾನು ಹೆದರುವುದು ಉಣುಗಿಗೆ. ಸಾಗರದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮಂಗನ ಕಾಯಿಲೆ ಮೊದಲು ಗುರುತಿಗೆ ಬಂದದ್ದು, ಅದನ್ನು ಹರಡುವುದೂ ಉಣುಗೇ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಚಳಿ ಬಂತು, ಹುಳ ಸತ್ತಿರುತ್ತದೆ ಎಂದು ತಿಳಿಯಬೇಡಿ. ಎಳ್ಳಿನ ಕಾಳಿನಷ್ಟಿರುವ ಬೆಳೆದ ಉಣುಗುಗಳು ಅಕ್ಟೋಬರ್, ನವೆಂಬರ್‌ನಲ್ಲೇ ಹೆಚ್ಚು ಓಡಾಡುವುದು. ಪ್ಯಾಂಟು, ಕಾಲುಚೀಲಕ್ಕೆ ಪರ್ಮೆಥ್ರಿನ್ ಹೊಡೆದು ಒಣಗಿಸಿಕೊಂಡು ಹೋಗಿ, ಮೈಗೆ ಅದನ್ನು ಹಚ್ಚಬಾರದು. ಪ್ರತಿ ಸಂಜೆ ಒಬ್ಬರಿಗೊಬ್ಬರು ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ತಲೆಗೂದಲು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮುಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೆಟ್ಟಗೆ ಮೇಲೆ ಎಳೆಯಿರಿ. ಸುಣ್ಣ, ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಮುಂದಿನ ಒಂದು ತಿಂಗಳಲ್ಲಿ ಜ್ವರ ಬಂದರೆ, ಕಚ್ಚಿದಲ್ಲಿ ಕೆಂಪು ಹರಡಿದರೆ, ಡಾಕ್ಟರಿಗೆ ಉಣುಗಿನ ಮಾತು ಮೊದಲು ಹೇಳಿ.

• ತಂಗುಮನೆಗಳಲ್ಲಿ ಶೌಚಕ್ಕೆ ಜಾಗವಿದೆ. ಬೇರೆಡೆ ಆದರೆ ದಾರಿಯಿಂದ, ನೀರಿನಿಂದ 70 ಹೆಜ್ಜೆ ಆಚೆ ಹೋಗಿ, ಆರರಿಂದ ಎಂಟು ಇಂಚು ಗುಂಡಿ ತೋಡಿ, ಮುಚ್ಚಿ. ಕೈಯನ್ನು ಸೋಪು ಹಾಕಿಯೇ ತೊಳೆಯಿರಿ, ಈ ದಾರಿಯಲ್ಲಿ ಹರಡುವ ನೊರೋವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ನಾಟುವುದಿಲ್ಲ.

ಇದರಲ್ಲೇ ಇನ್ನೊಂದು ಎಚ್ಚರ. 2013ರಲ್ಲಿ ಮೇನ್ ರಾಜ್ಯದಲ್ಲಿ ಅನುಭವಸ್ಥ ಮಹಿಳೆಯೊಬ್ಬರು ಹೀಗೇ ಶೌಚಕ್ಕೆಂದು ಟ್ರೇಲ್ ಬಿಟ್ಟು ಕಾಡಿಗೆ ಹೋದರು, ಮರಳಿ ದಾರಿ ಸಿಗಲಿಲ್ಲ. ಗಂಡನಿಗೆ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ಫೋನಿನಲ್ಲೇ ಉಳಿದವು. ಡೇರೆ ಹಾಕಿಕೊಂಡು 26 ದಿನವಾದರೂ ಬದುಕಿದ್ದರೆಂದು ಅವರ ದಿನಚರಿಯಿಂದ ತಿಳಿಯಿತು. ಆ ಡೇರೆ ಸಿಕ್ಕಿದ್ದು ಎರಡು ವರ್ಷದ ಮೇಲೆ. ನೀವು ದಾರಿ ಬಿಟ್ಟು ಸರಿಯುವಾಗ ಇನ್ನೊಬ್ಬರು ಟ್ರೇಲಿನ ಮೇಲೇ ನಿಂತಿರಲಿ, ಕೂಗಿದರೆ ಓಗೊಡುವ ದೂರ ದಾಟಬೇಡಿ. ಸೀಟಿ ಎದೆಪಟ್ಟಿಗೆ ಕಟ್ಟಿರಲಿ.

• ದಾರಿಯ ಗುರುತು ಮರದ ಮೇಲಿನ ಬಿಳಿ ಪಟ್ಟಿ, ಎರಡು ಇಂಚು ಅಗಲ, ಆರು ಇಂಚು ಉದ್ದ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ, ಕಣ್ಣು ತೆರೆದಿಡಿ. ನೀಲಿ ಪಟ್ಟಿ ಕವಲುದಾರಿಯದು. ತಂಗುಮನೆಗೆ, ನೀರಿಗೆ ಕರೆದೊಯ್ಯುವುದು ಅದೇ. ಕವಲುಗಳಲ್ಲಿ ಸೊಂಟದೆತ್ತರದ ಕಾಂಕ್ರೀಟ್ ಕಂಬವಿದೆ, ನೆತ್ತಿಗೆ ಸುತ್ತಿದ ಲೋಹದ ಪಟ್ಟಿಯಲ್ಲಿ ಊರು, ಮೈಲಿ ಒತ್ತಿ ಬರೆದಿರುತ್ತದೆ. ಸಂಜೆಗತ್ತಲಲ್ಲಿ ಓದಲು ಟಾರ್ಚನ್ನು ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಹತ್ತು ನಿಮಿಷ ನಡೆದರೂ ಬಿಳಿ ಪಟ್ಟಿ ಸಿಗದಿದ್ದರೆ ಮುಂದೆ ಹೋಗಕೂಡದು. ಕೊನೆಯ ಪಟ್ಟಿ ಕಂಡಲ್ಲಿಗೆ ತಿರುಗಿ ಬನ್ನಿ.

• ಮಿಲಮ್ ಗ್ಯಾಪ್ ಹತ್ತಿರ ಕಾಡಿನ ಅಂಚಿಗೆ ಹಳೆಯ ಸೇಬಿನ ಮರಗಳು ಕಾಣುತ್ತವೆ. ಅಲ್ಲಲ್ಲಿ ಎಲೆಯಡಿ ಕಲ್ಲಿನ ಪಾಗಾರವೂ. 1935ರಲ್ಲಿ ಈ ಪಾರ್ಕು ಆಗುವುದಕ್ಕಾಗಿ ಐನೂರಕ್ಕೂ ಹೆಚ್ಚು ಸಂಸಾರಗಳನ್ನು ಎಬ್ಬಿಸಿದರು. ಅವರು ನೆಟ್ಟ ಮರಗಳು ಅವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಮ್ಮ ಹಳೇಮನೆಗೆ ಬಂದಾಗ ನಿನ್ನಪ್ಪ ಎರಡು ವರ್ಷದ ಕೂಸು, ಅವನಿಗೆ ನೆನಪಿಲ್ಲ. ನನಗಿದೆ. ಆ ಮರದ ಕೆಳಗೆ ಒಂದು ಗಳಿಗೆ ಕೂತು ಹೋಗಿ. ಪಾಗಾರದ ಕಲ್ಲು ಎತ್ತಬೇಡಿ.

• ಅರ್ಧಕ್ಕೆ ತಿರುಗಿ ಬರುವುದು ಅವಮಾನ ಎಂದು ಅಳಿಯಂದಿರಿಗೆ ಅನ್ನಿಸಿದರೆ ಎಮ್ಮಾ ಗೇಟ್‌ವುಡ್ ಅವರ ಕತೆ ಹೇಳು. ಹನ್ನೊಂದು ಮಕ್ಕಳ ತಾಯಿ. 1954ರಲ್ಲಿ ಮೇನ್ ಕಡೆಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದು, ಮನೆಗೆ ಮರಳಿದರು. ಮರುವರ್ಷ ಜಾರ್ಜಿಯಾದಿಂದ ಹೊರಟರು. ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಒಂದು ಚೀಲ, ಮಳೆಗೆ ಹೊದೆಯಲು ಬಚ್ಚಲಿನ ಪ್ಲಾಸ್ಟಿಕ್ ಪರದೆ. 67ನೇ ವಯಸ್ಸಿನಲ್ಲಿ ಒಬ್ಬರೇ ಇಡೀ ಟ್ರೇಲನ್ನು ಒಂದೇ ಋತುವಿನಲ್ಲಿ ನಡೆದು ಮುಗಿಸಿದ ಮೊದಲ ಮಹಿಳೆ ಅವರೇ. 1954ರಲ್ಲಿ ಹಟ ಹಿಡಿದು ಮುಂದೆ ಹೋಗಿದ್ದರೆ 1955 ಬರುತ್ತಿರಲಿಲ್ಲವೇನೋ.

ನಿಮ್ಮಿಬ್ಬರಲ್ಲಿ ಯಾರೊಬ್ಬರು ‘ಸಾಕು’ ಅಂದರೂ ಅವತ್ತಿಗೆ ಸಾಕು. ಇನ್ನೊಬ್ಬರು ಯಾಕೆ ಎಂದು ಕೇಳಬಾರದು. ಹೊರಡುವ ಮುಂಚೆಯೇ ಇದನ್ನು ಮಾತಾಡಿಕೊಳ್ಳಿ, ಬೆಟ್ಟದ ಮೇಲೆ ಹೋಗಿ ಅಲ್ಲ.

• ಬೆಟ್ಟದಲ್ಲಿ ಫೋನ್ ಎಲ್ಲ ಕಡೆ ಸಿಗುವುದಿಲ್ಲ. ನಕ್ಷೆ ಕಾಗದದ್ದೂ ಇರಲಿ. ದಿನಕ್ಕೊಂದು ತಂಗುವ ಜಾಗ, ಬಿಡುವ ಜಾಗ, ಡೇರೆಯ ಬಣ್ಣ, ಕಾರಿನ ನಂಬರು ಬರೆದು ಒಂದು ಪ್ರತಿ ನನಗೆ ಕೊಟ್ಟು ಹೋಗಿ. ದಾರಿ ಬದಲಿಸಿದರೆ ಸಿಗ್ನಲ್ ಸಿಕ್ಕ ಮೊದಲ ಜಾಗದಿಂದ ಒಂದು ಸಾಲು ಕಳಿಸಿ. ಸ್ವಿಫ್ಟ್ ರನ್‌ನಲ್ಲಿ ಕಾರಿನ ಬಾಗಿಲು ತೆಗೆದ ಕೂಡಲೇ, ಬೂಟು ಬಿಚ್ಚುವ ಮುಂಚೆ, ಫೋನ್ ಮಾಡಿ. ನಾಲ್ಕನೇ ದಿನ ರಾತ್ರಿ ಎಂಟರವರೆಗೆ ಕಾಯುತ್ತೇನೆ. ಎಂಟಾದರೂ ನಿಮ್ಮ ಸುದ್ದಿ ಬರದಿದ್ದರೆ ನಿನ್ನಪ್ಪನಿಗಲ್ಲ, ಪಾರ್ಕಿನ ರೇಂಜರಿಗೆ ಮೊದಲು ಫೋನ್ ಮಾಡುತ್ತೇನೆ.